ಮೊಳ ಯಾರ ಕೈಯದು?

ನಮ್ಮ ಬೀದಿಗೆ ಸಂಜೆ ಐದು ಗಂಟೆಯ ಹೊತ್ತಿಗೆ ಹೂವಿನವಳು ಬರುತ್ತಾಳೆ. ಬುಟ್ಟಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಒಂದು ಕಡೆ ಸುರುಳಿ ಸುತ್ತಿದ ಮಲ್ಲಿಗೆ, ಇನ್ನೊಂದು ಕಡೆ ಕನಕಾಂಬರ. ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಯಾವುದು ಕೊಡ್ಲಮ್ಮಾ?’ ಎನ್ನುತ್ತಾಳೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಮೊನ್ನೆ ಪಕ್ಕದ ಮನೆಯಾಕೆ, ‘ನಿಮ್ಮಮ್ಮ ಅಳೀತಿದ್ದಾಗ ಮೊಳ ಇಷ್ಟು ಗಿಡ್ಡ ಇರ್ಲಿಲ್ಲ ಕಣೇ’ ಎಂದು ತಗಾದೆ ತೆಗೆದರು. ಹೂವಿನವಳಿಗೆ ಸಿಟ್ಟು ಬರಲಿಲ್ಲ. ‘ನಮ್ಮಮ್ಮ ಎತ್ತರದೋಳು, ನಾನು ಕುಳ್ಳಿ. ನನ್ನ ಕೈ ಇರೋದೇ ಇಷ್ಟು, ಏನ್ ಮಾಡ್ಲಿ?’ ಎಂದು ನಕ್ಕುಬಿಟ್ಟಳು.

ನಾವೂ ನಕ್ಕೆವು. ಆದರೆ ರಾತ್ರಿ ಮಲಗಿದಾಗ ಆ ಮಾತು ಮತ್ತೆ ನೆನಪಾಯಿತು. ಹೂವು ಅದೇ, ದಾರ ಅದೇ, ಮೊಳ ಮಾತ್ರ ಅಳೆಯುವವರ ಕೈಯನ್ನು ಅವಲಂಬಿಸಿದ್ದು. ಬದುಕಿನಲ್ಲಿ ಎಷ್ಟೊಂದು ಜನರ ಮೊಳಕ್ಕೆ ಸಿಕ್ಕಿ ನಾವು ಉದ್ದವಾಗಿದ್ದೇವೆ, ಗಿಡ್ಡವಾಗಿದ್ದೇವೆ! ನಾವೂ ಎಷ್ಟು ಜನರನ್ನು ಹೀಗೆ ಅಳೆದು ಕತ್ತರಿಸಿಲ್ಲ? ಮನುಷ್ಯರನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ಹೋಲಿಸುವುದು ತಪ್ಪೇ? ತಪ್ಪಾದರೆ, ಕಣ್ಣಿದ್ದವರು ಹೋಲಿಸದೆ ಇರುವುದಾದರೂ ಹೇಗೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಇದೇ ಎರಡು ಹೂವುಗಳ ಮೂಲಕ ಬಂದದ್ದು.

ನಾನು ಮದುವೆಯಾಗಿ ಅರಸೀಕೆರೆಯ ಮನೆಗೆ ಬಂದದ್ದು 1976ರಲ್ಲಿ. ತವರು ಹಿರಿಯೂರಿನ ಕಡೆಯ ಒಂದು ಹಳ್ಳಿ. ಬಿಸಿಲಿನಲ್ಲಿ ಬೆಳೆದ ಹುಡುಗಿ; ಬಣ್ಣ ಕಪ್ಪು, ಮಾತು ಕಡಿಮೆ, ಕೆಲಸಕ್ಕೆ ಹಿಂಜರಿಯುವವಳಲ್ಲ. ನಾಲ್ಕು ವರ್ಷದ ಮೇಲೆ ನನ್ನ ಮೈದುನನಿಗೆ ಉಡುಪಿಯ ಕಡೆಯಿಂದ ಹೆಣ್ಣು ತಂದರು. ನನ್ನ ವಾರಗಿತ್ತಿ ಬೆಳ್ಳಗಿದ್ದಳು, ಹಾಡುತ್ತಿದ್ದಳು, ಬಂದವರನ್ನು ಎರಡೇ ಮಾತಿನಲ್ಲಿ ನಗಿಸುತ್ತಿದ್ದಳು. ಅವಳು ಒಳಗೆ ಬಂದರೆ ನಡುಮನೆಯ ದೀಪಕ್ಕೆ ಯಾರೋ ಬತ್ತಿ ಏರಿಸಿದ ಹಾಗಾಗುತ್ತಿತ್ತು. ಇದನ್ನು ಈಗ ಯಾವ ಕಹಿಯೂ ಇಲ್ಲದೆ ಬರೆಯುತ್ತಿದ್ದೇನೆ, ಆಗ ಹಾಗಿರಲಿಲ್ಲ.

ಅವಳು ಬಂದ ವರ್ಷವೇ ಇರಬೇಕು. ಗೌರಿ ಹಬ್ಬಕ್ಕೆ ನೆಂಟರು ಬಂದಿದ್ದರು. ಯಾರೋ ಹಿರಿಯರು ಅತ್ತೆಯವರನ್ನು, ‘ಸೊಸೆಯಂದಿರು ಹೇಗಮ್ಮಾ?’ ಎಂದು ಕೇಳಿದರು. ಅತ್ತೆ ಹೂ ಕಟ್ಟುತ್ತಾ ಕೂತಿದ್ದರು. ಬಾಳೆನಾರಿನಿಂದ ಕೈ ತೆಗೆಯದೆ, ತಲೆ ಎತ್ತದೆ, ‘ಚಿಕ್ಕವಳು ಮಲ್ಲಿಗೆ, ದೊಡ್ಡವಳು ಕನಕಾಂಬರ’ ಎಂದರು. ಎಲ್ಲರೂ ‘ಆಹಾ’ ಎಂದರು. ನನ್ನ ಮುಖ ನೋಡಿದರೋ ಏನೋ, ಒಂದು ಕ್ಷಣ ಬಿಟ್ಟು, ‘ಕನಕಾಂಬರ ಬಾಳಿಕೆ ಬರುತ್ತೆ ನೋಡಿ’ ಎಂದೂ ಸೇರಿಸಿದರು.

ಅತ್ತೆಯವರು ಕೆಟ್ಟವರಲ್ಲ. ಆ ಮಾತನ್ನು ಅವರು ಪ್ರೀತಿಯಿಂದಲೇ ಆಡಿದ್ದು. ಆದರೆ ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ಹೆಚ್ಚು ನೋಯಿಸಿತು. ಬಾಳಿಕೆ ಎನ್ನುವುದು ಸೀರೆಗೆ, ಚಪ್ಪಲಿಗೆ ಹೇಳುವ ಮಾತು. ಹೆಣ್ಣಿಗೆ ಹಾಗೆಂದರೆ, ಇನ್ನೇನೂ ಹೊಗಳಲು ಸಿಗಲಿಲ್ಲವೆಂದೇ ಅರ್ಥವಲ್ಲವೇ? ಅಂದಿನಿಂದ ಸುಮಾರು ವರ್ಷ ನಾನು ಕನಕಾಂಬರ ಮುಡಿಯಲಿಲ್ಲ. ಯಾರೂ ಗಮನಿಸಲಿಲ್ಲ ಎನ್ನುವುದು ಬೇರೆ ಮಾತು.

ಎರಡು ಹೂವುಗಳನ್ನು ನೀವೂ ಮುಡಿದವರೇ. ಮಲ್ಲಿಗೆಯ ಮೊಗ್ಗನ್ನು ಸಂಜೆ ಕಟ್ಟಿ ಮುಡಿದರೆ ರಾತ್ರಿ ಅರಳುತ್ತದೆ. ಆ ಘಮಕ್ಕೆ ಸಾಟಿಯಿಲ್ಲ. ಬೆಳಗಾಗುವಷ್ಟರಲ್ಲಿ ದಳದ ಅಂಚು ಕಂದಿರುತ್ತದೆ, ಮಧ್ಯಾಹ್ನಕ್ಕೆ ಬಾಡಿಹೋಗುತ್ತದೆ. ಕನಕಾಂಬರಕ್ಕೆ ವಾಸನೆಯೇ ಇಲ್ಲ. ಆದರೆ ಕಟ್ಟಿಟ್ಟರೆ ಎರಡು ದಿನವಾದರೂ ಬಣ್ಣಗೆಡದೆ ಇರುತ್ತದೆ. ಹೆಸರಿನಲ್ಲೇ ಬಂಗಾರದ ಬಟ್ಟೆ. ಕೆಲವು ಕಡೆ ಅಬ್ಬಲಿಗೆ ಎನ್ನುತ್ತಾರೆ. ಹೊಗಳಿಕೆ ಮಾತ್ರ ಮಲ್ಲಿಗೆಗೇ ಮೀಸಲು. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಎಂದು ಊರುಗಳೇ ಅದರ ಮುಂದೆ ತಮ್ಮ ಹೆಸರು ಕಟ್ಟಿಕೊಂಡಿವೆ. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ತಂದ ಮೊದಲ ಕವನ ಸಂಕಲನಕ್ಕೆ ‘ಮೈಸೂರ ಮಲ್ಲಿಗೆ’ ಎಂದೇ ಹೆಸರಿಟ್ಟರು. ‘ಹಿರಿಯೂರ ಕನಕಾಂಬರ’ ಎಂದು ಹೇಳಿ ನೋಡಿ, ನಿಮಗೇ ನಗು ಬರುತ್ತದೆ.

ಆದರೆ ಈ ಎರಡಕ್ಕೂ ಒಂದಕ್ಕೊಂದು ಏನು ಸಂಬಂಧ? ನನ್ನ ಅಕ್ಕನ ಮಗಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾಳೆ. ಒಂದು ಸಲ ಅವಳನ್ನು ಕೇಳಿದೆ. ‘ಚಿಕ್ಕಮ್ಮಾ, ಎರಡರ ಮನೆತನವೇ ಬೇರೆ’ ಎಂದಳು. ಮಲ್ಲಿಗೆಯದು ಪಾರಿಜಾತದ ಕುಟುಂಬ. ಹೊರದೇಶದ ಆಲಿವ್ ಮರವೂ ಅದೇ ಮನೆತನದ್ದಂತೆ. ಕನಕಾಂಬರ ಆಡುಸೋಗೆಯ ಕುಟುಂಬ. ನಾವು ಮಕ್ಕಳ ಕೆಮ್ಮಿಗೆ ಕಷಾಯ ಮಾಡುತ್ತೇವಲ್ಲ, ಅದೇ ಆಡುಸೋಗೆ. ಸ್ವೀಡನ್ ದೇಶದ ಲಿನೇಯಸ್ ಎನ್ನುವ ಪಂಡಿತ 1753ರಲ್ಲಿ ಮಲ್ಲಿಗೆಯನ್ನು ಪಾರಿಜಾತದ ಜಾತಿಯಲ್ಲೂ, 1759ರಲ್ಲಿ ಕನಕಾಂಬರವನ್ನು ಆಡುಸೋಗೆಯ ಜಾತಿಯಲ್ಲೂ ಸೇರಿಸಿದ್ದನಂತೆ. ಆಮೇಲೆ ಬಂದವರು, ಇವು ಆ ಮನೆಯವೇ ಆದರೂ ಬೇರೆ ಬಿಡಾರದವು ಎಂದು, 1789ರಲ್ಲಿ ಮಲ್ಲಿಗೆಯನ್ನೂ 1832ರಲ್ಲಿ ಕನಕಾಂಬರವನ್ನೂ ಈಗಿನ ಜಾತಿಗಳಿಗೆ ತಂದು ಕೂರಿಸಿದರು. ‘ಹಾಗಾದರೆ ಸಂಬಂಧವೇ ಇಲ್ಲವೇನೇ?’ ಎಂದೆ. ‘ಬಹಳ ಹಿಂದೆ ಹೋದರೆ ಇದೆ. ಈಗ ಎರಡು ಕುಟುಂಬಗಳನ್ನೂ ಒಂದೇ ದೊಡ್ಡ ಗಣಕ್ಕೆ ಸೇರಿಸಿದ್ದಾರೆ. ಆದರೆ ಅದರಲ್ಲಿ ತುಳಸಿಯೂ ಇದೆ, ಎಳ್ಳೂ ಇದೆ’ ಎಂದು ನಕ್ಕಳು. ಅಷ್ಟು ದೂರದ ನೆಂಟಸ್ತಿಕೆ ಹುಡುಕಿದರೆ ಈ ಊರಿನಲ್ಲಿ ಯಾರು ಯಾರಿಗೆ ನೆಂಟರಲ್ಲ?

ಕೇಳುತ್ತಾ ಕೇಳುತ್ತಾ ನನಗೆ ಅನ್ನಿಸಿತು, ವಾರಗಿತ್ತಿಯರೆಂದರೆ ಇದೇ. ಬೇರೆ ಬೇರೆ ಮನೆತನ, ಬೇರೆ ಮಣ್ಣು, ಬೇರೆ ನೀರು. ಒಂದೇ ಮನೆಯ ದಾರಕ್ಕೆ ಯಾರೋ ತಂದು ಕಟ್ಟಿದರು ಎನ್ನುವುದೊಂದೇ ಸಂಬಂಧ. ಅಕ್ಕತಂಗಿಯರನ್ನು ಹೋಲಿಸಿದರೆ, ಒಂದೇ ಬಳ್ಳಿಯ ಹೂಗಳು ಎನ್ನುವ ನೆಪವಾದರೂ ಇರುತ್ತದೆ. ನಮ್ಮನ್ನು ಹೋಲಿಸುವುದಕ್ಕೆ ಕಾರಣ, ನಾವಿಬ್ಬರೂ ಒಂದೇ ತಲೆಯಲ್ಲಿ ಮುಡಿಯಲ್ಪಟ್ಟದ್ದು ಮಾತ್ರ.

ಇನ್ನೊಂದು ವಿಚಾರವನ್ನೂ ಅವಳಿಂದಲೇ ತಿಳಿದೆ. ಬಿಳಿ ಬಣ್ಣ, ರಾತ್ರಿ ಅರಳುವುದು, ಗಾಢವಾದ ಪರಿಮಳ, ಇವೆಲ್ಲ ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯುವ ಹೂಗಳ ಲಕ್ಷಣ. ಕನಕಾಂಬರ ಹಗಲಿನ ಹೂವು. ಅದರ ಬಳಿಗೆ ಬರುವುದು ಚಿಟ್ಟೆಗಳು. ಚಿಟ್ಟೆಗೆ ಬಣ್ಣ ಕಂಡರೆ ಸಾಕು, ಘಮ ಬೇಕಿಲ್ಲ. ಅಂದರೆ ಕನಕಾಂಬರಕ್ಕೆ ವಾಸನೆ ಇಲ್ಲದಿರುವುದು ಕೊರತೆಯೇ ಅಲ್ಲ. ತನ್ನ ಸಂಸಾರಕ್ಕೆ ಬೇಕಾದದ್ದು ಅದರ ಹತ್ತಿರ ಪೂರ್ತಿಯಾಗಿಯೇ ಇದೆ. ಹಾಗೆ ನೋಡಿದರೆ, ನಾವು ಬೆಳೆಸುವ ದುಂಡುಮಲ್ಲಿಗೆ ಕಾಯಿ ಕಚ್ಚುವುದೇ ಅಪರೂಪ. ಕೊಂಬೆ ನೆಟ್ಟೇ ಹೊಸ ಗಿಡ ಮಾಡಬೇಕು. ಕನಕಾಂಬರದ ಒಣಗಿದ ತೆನೆಯನ್ನು ನೀರಿಗೆ ಹಾಕಿದರೆ ಕಾಯಿಗಳು ಚಟ್ ಚಟ್ ಎಂದು ಸಿಡಿದು ಬೀಜ ಎಸೆಯುತ್ತವೆ. ಹಿರಿಯೂರಿನಲ್ಲಿ ನಾವು ಮಕ್ಕಳಾಗಿದ್ದಾಗ ಅದೇ ನಮ್ಮ ಪಟಾಕಿ. ಘಮವಾಗಲಿ ಬಾಳಿಕೆಯಾಗಲಿ, ಎರಡೂ ನಮ್ಮ ಜಡೆಯ ಅಳತೆಗಳು. ಹೂವಿಗೆ ನಮ್ಮ ಜಡೆಯ ಸುದ್ದಿಯೇ ಗೊತ್ತಿಲ್ಲ.

ಇಷ್ಟು ತಿಳಿದರೆ ಸಮಾಧಾನವಾಗಬೇಕಿತ್ತು. ಆದರೆ ನನ್ನ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಮುಂದಿನದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.

1994ರಲ್ಲಿ ಅತ್ತೆಯವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮೈದುನನ ಸಂಸಾರ ಆ ಹೊತ್ತಿಗೆ ಬೆಂಗಳೂರಿನಲ್ಲಿತ್ತು. ಎರಡು ವರ್ಷ ನಾನೇ ನೋಡಿಕೊಂಡೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ರಾತ್ರಿ ಎರಡು ಸಲ ಏಳುವುದು. ನೋಡಲು ಬಂದವರೆಲ್ಲ ಹೇಳುತ್ತಿದ್ದರು: ‘ಮಲ್ಲಿಗೆ ಒಂದು ರಾತ್ರಿಯದು ಕಣಮ್ಮಾ, ಕೊನೇಗೆ ನಿಲ್ಲೋದು ಕನಕಾಂಬರವೇ.’ ಹದಿನಾಲ್ಕು ವರ್ಷದ ಹಿಂದೆ ಆಡಿದ ಮಾತನ್ನು ಜನ ಮರೆತಿರಲಿಲ್ಲ ನೋಡಿ! ಯಾವ ಮಾತಿನಿಂದ ಅಷ್ಟು ನೊಂದಿದ್ದೆನೋ, ಅದೇ ಮಾತು ತಿರುಗಿ ನನ್ನ ಕಡೆ ವಾಲಿದಾಗ ನನಗೆ ಖುಷಿಯಾಯಿತು. ಹೋಲಿಕೆ ಅನ್ಯಾಯ ಎಂದು ಅಷ್ಟು ವರ್ಷ ಮನಸ್ಸಿನಲ್ಲೇ ವಾದಿಸಿದವಳು, ತಕ್ಕಡಿ ನನ್ನ ಕಡೆ ತೂಗಿದ ಕೂಡಲೇ ತಕ್ಕಡಿಯೇ ಸರಿ ಎಂದುಕೊಂಡೆ. ಪೇಟೆಯಿಂದ ಕನಕಾಂಬರ ತರಿಸಿ ಮುಡಿದೆ ಕೂಡ.

ಒಂದು ಭಾನುವಾರ ವಾರಗಿತ್ತಿ ಬಂದಳು. ಅತ್ತೆಯವರ ಹಾಸಿಗೆಯ ಅಂಚಿಗೆ ಕೂತಳು. ಅತ್ತೆಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಬಲಗೈಯನ್ನು ಅವಳ ಗಂಟಲಿನ ಹತ್ತಿರ ಹಿಡಿದು ಏನೋ ಕೇಳಿದರು. ಅವಳಿಗೆ ಅರ್ಥವಾಯಿತು. ಮೆಲ್ಲಗೆ ಒಂದು ದೇವರನಾಮ ಹೇಳಿದಳು. ಮೂರು ದಿನದಿಂದ ನಿದ್ದೆಯಿಲ್ಲದೆ ನರಳುತ್ತಿದ್ದ ಅತ್ತೆ, ಹಾಡು ಮುಗಿಯುವ ಮೊದಲೇ ಮಗುವಿನ ಹಾಗೆ ಮಲಗಿಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಎರಡು ವರ್ಷ ನಾನು ಕೊಡಲಾಗದ್ದನ್ನು ಇವಳು ಹತ್ತು ನಿಮಿಷದಲ್ಲಿ ಕೊಟ್ಟಳಲ್ಲ ಎಂದು. ಆಮೇಲೆ ತಿಳಿಯಿತು, ಅವಳು ಆ ಹಾಡು ಹೇಳುವುದಕ್ಕೆ ಅತ್ತೆ ಒದ್ದೆಯಿಲ್ಲದ ಹಾಸಿಗೆಯಲ್ಲಿ ಮಲಗಿರಬೇಕಿತ್ತು. ಅದನ್ನು ಕೊಟ್ಟವಳು ನಾನು. ಯಾವುದು ದೊಡ್ಡದು ಎಂದು ಆ ನಿದ್ದೆಯನ್ನು ಎಬ್ಬಿಸಿ ಕೇಳುವುದೇ?

ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಅವಳೂ ಬಂದಳು. ಜನ ಆಡುವ ಮಾತು ಅವಳ ಕಿವಿಗೂ ಬಿದ್ದಿತ್ತು. ‘ಅಕ್ಕಾ, ಒಂದು ಮಾತು ಹೇಳ್ಲಾ? ಮಲ್ಲಿಗೆ ಅಂತ ಕರೆಸಿಕೊಂಡವಳಿಗೆ ಬಾಡುವ ಹಕ್ಕೂ ಇಲ್ಲ’ ಎಂದಳು. ಮೂರು ವರ್ಷದ ಅಂತರದಲ್ಲಿ ಅವಳಿಗೆ ಎರಡು ಸಲ ಗರ್ಭಪಾತವಾಗಿತ್ತು. ಆಗೆಲ್ಲ ಹಬ್ಬಕ್ಕೆ ಬರದೆ ಏನೇನೋ ನೆಪ ಹೇಳುತ್ತಿದ್ದಳು. ಜಂಬ ಎಂದುಕೊಂಡಿದ್ದೆ ನಾನು. ‘ಬಂದರೆ ನಗಬೇಕಲ್ಲ ಅಕ್ಕಾ. ನಾನು ಸುಮ್ಮನೆ ಮೂಲೆಯಲ್ಲಿ ಕೂತರೆ ಎಲ್ಲರೂ ಏನಾಯ್ತು ಅಂತ ಕೇಳ್ತಾರೆ. ನೀನು ಸುಮ್ಮನಿದ್ದರೆ ಯಾರೂ ಏನೂ ಕೇಳಲ್ಲ. ನನಗೆ ನಿನ್ನ ಕಂಡರೆ ಹೊಟ್ಟೆಯುರಿ ಬರ್ತಿತ್ತು.’

ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದುಕೊಂಡು ನಿಂತೆ. ಅಷ್ಟು ವರ್ಷ ಆ ಒಂದು ಮಾತು ನನ್ನೊಬ್ಬಳನ್ನೇ ಚುಚ್ಚಿತ್ತು ಎಂದು ತಿಳಿದಿದ್ದೆ. ಕೆಳಗಿಟ್ಟವಳಿಗೆ ಕೊರಗು, ಮೇಲಿಟ್ಟವಳಿಗೆ ಹೆದರಿಕೆ. ಇಬ್ಬರೂ ತಕ್ಕಡಿ ಹಿಡಿದವರ ಮುಖವನ್ನೇ ನೋಡುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಅಂದು ಆ ಮಹಡಿಯ ಮೇಲೆ, ಹದಿನೈದು ವರ್ಷವಾದ ಮೇಲೆ.

ಹಾಗಾದರೆ ಭೇದವನ್ನೇ ಕಾಣಬಾರದೇ? ‘ಎಲ್ಲರೂ ಒಂದೇ, ಎಲ್ಲ ಹೂವೂ ಚೆಂದವೇ’ ಎನ್ನುವವರಿದ್ದಾರೆ. ಈ ಮಾತು ನನಗೆ ಹಿಡಿಸುವುದಿಲ್ಲ. ಅದು ಮಲ್ಲಿಗೆಯ ಘಮವನ್ನೂ ಕಾಣದ, ಕನಕಾಂಬರದ ಬಣ್ಣವನ್ನೂ ಕಾಣದ ಉದಾಸೀನದ ಮಾತು. ನನ್ನ ವಾರಗಿತ್ತಿಯ ಹಾಡು ನನಗೆ ಬಾರದು ಎನ್ನುವುದು ನಿಜ. ನಿಜವನ್ನು ಮುಚ್ಚಿಟ್ಟು ಸಮಾನತೆ ತರಲಾಗುವುದಿಲ್ಲ. ಭೇದ ಕಾಣುವುದು ತಪ್ಪಲ್ಲವಾದರೆ ಮತ್ತೆ ತಪ್ಪೆಲ್ಲಿದೆ?

ಇದಕ್ಕೆ ಉತ್ತರ ಸಿಕ್ಕಿದ್ದು ಅತ್ತೆಯವರ ಹಿತ್ತಲಲ್ಲೇ. ಅವರು ಹಾಸಿಗೆ ಹಿಡಿದ ಮೇಲೆ ಗಿಡಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಮೇಲೆ ಬಿತ್ತು. ನಾನು ನ್ಯಾಯವಂತಳಂತೆ ಎಲ್ಲಕ್ಕೂ ಒಂದೊಂದು ಕೊಡ ನೀರು ಹಾಕಿದೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಕನಕಾಂಬರದ ನಾಲ್ಕು ಗಿಡ ಕೊಳೆತವು. ಮಲ್ಲಿಗೆ ಎಲೆ ಎಲೆಯಾಗಿ ಸೊಕ್ಕಿ ಬೆಳೆಯಿತೇ ಹೊರತು ಯುಗಾದಿ ಬಂದರೂ ಮೊಗ್ಗು ಕಾಣಲಿಲ್ಲ. ಆಗ ಅತ್ತೆ ಏನು ಮಾಡುತ್ತಿದ್ದರು ಎಂದು ನೆನೆಸಿಕೊಂಡೆ. ಮಲ್ಲಿಗೆಯನ್ನು ಬಿಸಿಲು ಪೂರ್ತಿ ಬೀಳುವ ಗೋಡೆಯ ಬದಿಗೆ ಇಟ್ಟಿದ್ದರು. ಚಳಿಗಾಲ ಬಂತೆಂದರೆ ಅದಕ್ಕೆ ನೀರು ಬಿಗಿ ಹಿಡಿದು, ಕೊಂಬೆ ಕತ್ತರಿಸಿ, ಎಲೆ ಸವರಿ ಬೋಳು ಮಾಡುತ್ತಿದ್ದರು. ಕೆಲವು ದಿನ ಬಿಟ್ಟು ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಬೇಸಿಗೆಗೆ ಮೈತುಂಬಾ ಮೊಗ್ಗು. ಕನಕಾಂಬರ ನುಗ್ಗೆಮರದ ತೆಳು ನೆರಳಿನಲ್ಲಿತ್ತು. ಅದಕ್ಕೆ ಕತ್ತರಿಯ ಕಾಟವಿಲ್ಲ. ಒಣಗಿದ ತೆನೆ ಮುರಿದು, ಬುಡ ಸಡಿಲಿಸಿ, ನೀರು ನಿಲ್ಲದಂತೆ ಏರು ಮಾಡಿದರೆ ಸಾಕು. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಮಾಡುತ್ತಿರಲಿಲ್ಲ. ಮಲ್ಲಿಗೆಯ ಹತ್ತಿರ ನಿಂತು ‘ಕನಕಾಂಬರವನ್ನು ನೋಡಿ ಕಲಿ’ ಎಂದು ಅವರು ಯಾವತ್ತೂ ಹೇಳಿದವರಲ್ಲ.

ನೋಡಿ, ಎಂಥ ವಿಚಿತ್ರ. ಗಿಡದ ಹತ್ತಿರ ಅತ್ತೆಯವರಿಗೆ ಭೇದ ಗೊತ್ತಿತ್ತು, ಮೇಲುಕೀಳು ಗೊತ್ತಿರಲಿಲ್ಲ. ಅದೇ ಹೂವು ಕಿತ್ತು ಮಡಿಲಿಗೆ ಬಂದ ಮೇಲೆ ಮೇಲುಕೀಳು ಶುರುವಾಗುತ್ತಿತ್ತು. ಸಾಕುವವರಿಗೆ ಬೇಕಾದದ್ದು ಇದಕ್ಕೇನು ಬೇಕು ಎನ್ನುವ ಪ್ರಶ್ನೆ. ಮುಡಿಯುವವರಿಗೆ ಬೇಕಾದದ್ದು ಇದರಿಂದ ನನಗೇನು ಸಿಗುತ್ತದೆ ಎನ್ನುವ ಪ್ರಶ್ನೆ. ಹೂವು ಮುಡಿಯುವುದಕ್ಕೇ ಇರುವುದು ಎಂದರೆ ಅದಾದರೂ ಸರಿ. ಮನೆಯ ಜನರನ್ನು ಮುಡಿಯುವ ಹೂವಿನಂತೆ ನೋಡಿದಾಗ, ಅವರ ಒಳ್ಳೆಯತನವೆಲ್ಲ ನಮ್ಮ ಅಗತ್ಯದ ಇನ್ನೊಂದು ಹೆಸರಾಗಿಬಿಡುತ್ತದೆ. ಅತ್ತೆಗೆ ಸಂಭ್ರಮ ಬೇಕಿದ್ದಾಗ ಮಲ್ಲಿಗೆ ದೊಡ್ಡದು, ಸೇವೆ ಬೇಕಾದಾಗ ಕನಕಾಂಬರ ದೊಡ್ಡದು. ನಾವಿಬ್ಬರೂ ಇದ್ದ ಹಾಗೆಯೇ ಇದ್ದೆವು. ಬದಲಾದದ್ದು ಮೊಳ ಹಾಕುವ ಕೈ.

ವಾರಗಿತ್ತಿ ಒಮ್ಮೆ ಹೇಳಿದ್ದಳು, ಅವಳ ಊರಿನ ಕಡೆ ಮಲ್ಲಿಗೆಯನ್ನು ಮೊಳದಲ್ಲಿ ಮಾರುವುದಿಲ್ಲವಂತೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ‘ಅಲ್ಲಿ ಮೋಸವಿಲ್ಲ ಬಿಡು’ ಎಂದಿದ್ದೆ. ‘ಲೆಕ್ಕದಲ್ಲಿ ಇಲ್ಲ, ಆದರೆ ರೇಟು ದಿನಾ ಬದಲಾಗುತ್ತದಲ್ಲ!’ ಎಂದು ನಕ್ಕಿದ್ದಳು. ಮದುವೆಯ ಕಾಲಕ್ಕೆ ಒಂದು ಬೆಲೆ, ಮುಹೂರ್ತವಿಲ್ಲದ ತಿಂಗಳಿಗೆ ಒಂದು ಬೆಲೆ. ಹೂವು ಮಾತ್ರ ಅದೇ.

ಅತ್ತೆಯವರು 1996ರಲ್ಲಿ ತೀರಿಕೊಂಡರು. ಕೊನೆಯ ದಿನ ಅವರ ಮುಡಿಗೆ ನಾನೂ ವಾರಗಿತ್ತಿಯೂ ಸೇರಿ ಹೂ ಕಟ್ಟಿದೆವು, ನಾಲ್ಕು ಮಲ್ಲಿಗೆ, ಎರಡು ಕನಕಾಂಬರ, ಮತ್ತೆ ನಾಲ್ಕು ಮಲ್ಲಿಗೆ. ಅವರೇ ನಮಗೆ ಕಲಿಸಿದ ಕಟ್ಟು ಅದು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ ಎನ್ನುತ್ತಾರೆ. ನಾರಿಲ್ಲದೆ ಯಾವ ಹೂವು ಹೋದೀತು ಎಂದು ಯಾರೂ ಕೇಳುವುದಿಲ್ಲ. ಆ ಮನೆಯಲ್ಲಿ ನಾರು ಅತ್ತೆಯವರೇ ಆಗಿದ್ದರು. ಅವರ ಮೇಲಿನ ಸಿಟ್ಟು ಅವತ್ತಿಗೆ ಮುಗಿಯಿತು.

ಇದೆಲ್ಲ ತಿಳಿದ ಮೇಲೂ ನಾನು ಹೋಲಿಸುವುದನ್ನು ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಕಳೆದ ತಿಂಗಳು ಮೊಮ್ಮಕ್ಕಳಿಬ್ಬರೂ ಶಾಲೆಯ ಅಂಕಪಟ್ಟಿ ಹಿಡಿದು ಬಂದರು. ದೊಡ್ಡವಳದು ತೊಂಬತ್ತರ ಮೇಲೆ. ಚಿಕ್ಕವಳು ತನ್ನದನ್ನು ಲಂಗದ ಹಿಂದೆ ಹಿಡಿದುಕೊಂಡಿದ್ದಳು. ‘ನೋಡೇ, ಅಕ್ಕನ್ನ…’ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆ ಮಗುವಿನ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು. ಆ ನೋಟ ನನಗೆ ಪರಿಚಯದ್ದು. ದೊಡ್ಡವಳೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅದು ಯಾವ ನೋಟ ಎನ್ನುವುದನ್ನು ನನಗೆ ವಾರಗಿತ್ತಿ ಕಲಿಸಿದ್ದಾಳೆ.

ಮಾತು ನುಂಗಿಕೊಂಡು, ‘ಬನ್ನಿ, ಗಿಡಗಳಿಗೆ ನೀರು ಹಾಕೋಣ’ ಎಂದೆ. ಈಗಿನ ನಮ್ಮ ಮನೆಗೆ ಹಿತ್ತಲಿಲ್ಲ, ತಾರಸಿಯ ಮೇಲೆ ಕುಂಡಗಳು. ಚಿಕ್ಕವಳು ಚೊಂಬು ಎತ್ತಿಕೊಂಡು ಎರಡು ಕುಂಡಕ್ಕೂ ಸಮನಾಗಿ ಸುರಿಯಲು ಹೋದಳು. ಅವಳ ಬೆರಳು ಹಿಡಿದು ಕನಕಾಂಬರದ ಮಣ್ಣಿಗೆ ಒತ್ತಿಸಿದೆ. ಇನ್ನೂ ತಣ್ಣಗಿತ್ತು. ಆಮೇಲೆ ಮಲ್ಲಿಗೆಯ ಮಣ್ಣಿಗೆ. ಒಣಗಿತ್ತು.

‘ಇದಕ್ಕೆ ಬೇಕು ಅಜ್ಜಿ, ಅದಕ್ಕೆ ಇವತ್ತು ಬೇಡ’ ಎಂದಳು.

‘ಹೂಂ, ಹಾಗಾದರೆ ಹಾಗೇ ಹಾಕು’ ಎಂದೆ.